ಕೋಚ್ ಒಳ್ಳೆಯವರಾದರೆ ಸಾಕಾ? ಮಕ್ಕಳ ಫುಟ್‌ಬಾಲ್ ಕ್ಲಬ್ ಸುರಕ್ಷಿತವಾಗಿ ನಡೆಯುವುದು ಹೇಗೆ

ಮಗುವನ್ನು ಫುಟ್‌ಬಾಲ್ ಅಕಾಡೆಮಿಗೆ ಸೇರಿಸುವಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ. ತಿಂಗಳಿಗೆ ಫೀಸ್ ಎಷ್ಟು, ವಾರಕ್ಕೆ ಎಷ್ಟು ಕ್ಲಾಸು, ಕಿಟ್ ಅವರೇ ಕೊಡುತ್ತಾರಾ, ಕೋಚ್ ಹತ್ರ ಲೈಸೆನ್ಸ್ ಇದೆಯಾ, ಟೂರ್ನಮೆಂಟ್ ಆಡಿಸುತ್ತಾರಾ. ಇನ್ನೂ ಸ್ವಲ್ಪ ಜಾಗ್ರತೆಯವರಾದರೆ ಅಪಾರ್ಟ್‌ಮೆಂಟಿನಲ್ಲಿ ಬೇರೆ ಮಕ್ಕಳ ಅಮ್ಮಂದಿರನ್ನು "ಕೋಚ್ ಹೇಗೆ?" ಅಂತ ವಿಚಾರಿಸುತ್ತೇವೆ. "ತುಂಬಾ ಒಳ್ಳೆಯವರು, ಮಕ್ಕಳಿಗೆ ಅವರಂದ್ರೆ ಪ್ರಾಣ" ಅನ್ನೋ ಉತ್ತರ ಬಂದರೆ ಮುಗೀತು, ಫೀಸ್ ಕಟ್ಟಿ ಬರುತ್ತೇವೆ.

ಇಂಗ್ಲೆಂಡಿನ ಅಪ್ಪ ಅಮ್ಮಂದಿರೂ ಒಂದು ಕಾಲದಲ್ಲಿ ಇಷ್ಟಕ್ಕೇ ಸಮಾಧಾನ ಪಟ್ಟುಕೊಳ್ಳುತ್ತಿದ್ದರು. ಅದರಿಂದ ಏನಾಯಿತು, ಆಮೇಲೆ ಅಲ್ಲಿ ಏನೇನು ಬದಲಾಯಿಸಿದರು, ನಮ್ಮ ದೇಶದ ಕಾನೂನು ಈ ಬಗ್ಗೆ ಏನು ಹೇಳುತ್ತದೆ ಅನ್ನೋದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಹೆಚ್ಚಿನ ಭಾಗ ಇಂಗ್ಲೆಂಡಿನದೇ. ಎಲ್ಲಿ ಎಡವಿದೆವು ಅಂತ ಅವರು ನೂರಾರು ಪುಟ ಬರೆದಿಟ್ಟಿದ್ದಾರೆ, ಓದಿಕೊಳ್ಳೋದಕ್ಕೆ ನಮಗೇನೂ ಖರ್ಚಿಲ್ಲ.

ಕ್ರೂ ಊರಿನಲ್ಲಿ ಆಗಿದ್ದು

ಕ್ರೂ ಅನ್ನೋದು ಚೆಷೈರ್ ಕಡೆಯ ಒಂದು ರೈಲ್ವೆ ಊರು. ಅಲ್ಲಿನ ಕ್ಲಬ್ ಕ್ರೂ ಅಲೆಕ್ಸಾಂಡ್ರಾ. ದೊಡ್ಡ ಕ್ಲಬ್ ಏನಲ್ಲ, ಆದರೆ ಹುಡುಗರನ್ನು ಬೆಳೆಸೋದರಲ್ಲಿ ಹೆಸರು ಮಾಡಿತ್ತು. 1980ರ ದಶಕದಲ್ಲಿ ಅಲ್ಲಿ ಬ್ಯಾರಿ ಬೆನೆಲ್ ಅನ್ನೋ ಕೋಚ್ ಸೇರಿದ. ಒಳ್ಳೆ ಆಟಗಾರನನ್ನು ಎಳೆ ವಯಸ್ಸಿನಲ್ಲೇ ಗುರುತಿಸುತ್ತಾನೆ ಅಂತ ಅವನಿಗೆ ಖ್ಯಾತಿ ಇತ್ತು. ಮನೆಯಲ್ಲಿ ವಿಡಿಯೋ ಗೇಮ್ ಮಷಿನ್, ಪೂಲ್ ಟೇಬಲ್, ಸಾಕಿದ ಕೋತಿ. ವಾರದ ಕೊನೆಯಲ್ಲಿ ಹುಡುಗರು ಅವನ ಮನೆಯಲ್ಲೇ ರಾತ್ರಿ ಉಳಿಯುತ್ತಿದ್ದರು. ಬೇರೆ ಊರಿಗೆ, ಬೇರೆ ದೇಶಕ್ಕೆ ಟೂರ್ ಕರೆದುಕೊಂಡು ಹೋಗುತ್ತಿದ್ದ. ಮಗ ದೊಡ್ಡ ಆಟಗಾರ ಆಗಲಿ ಅನ್ನೋ ಮನೆಗೆ ಇಂಥ ಕೋಚ್ ಸಿಕ್ಕಿದ್ದೇ ಪುಣ್ಯ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

2016ರ ನವೆಂಬರ್ 16ರಂದು ಗಾರ್ಡಿಯನ್ ಪತ್ರಿಕೆಯಲ್ಲಿ ಆಂಡಿ ವುಡ್‌ವರ್ಡ್ ಅನ್ನೋ ಮಾಜಿ ಆಟಗಾರ ತಮ್ಮ ಹೆಸರು ಮುಚ್ಚಿಡದೆ ಮಾತಾಡಿದರು. 11ನೇ ವಯಸ್ಸಿನಿಂದ 15ರವರೆಗೆ ಬೆನೆಲ್ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ ಅಂತ ಹೇಳಿದರು. ಕೆಲವೇ ದಿನಗಳಲ್ಲಿ ಇನ್ನೂ ಹಲವರು ಮುಂದೆ ಬಂದರು. ಇಂಗ್ಲೆಂಡ್ ತಂಡಕ್ಕೆ ಆಡಿದ್ದ ಪಾಲ್ ಸ್ಟೀವರ್ಟ್ ಬೇರೊಬ್ಬ ಕೋಚ್ ತಮಗೆ ಮಾಡಿದ್ದನ್ನು ಹೇಳಿಕೊಂಡರು. ಮಕ್ಕಳ ರಕ್ಷಣೆಗೆ ಕೆಲಸ ಮಾಡುವ ಎನ್‌ಎಸ್‌ಪಿಸಿಸಿ ಸಂಸ್ಥೆ ಫುಟ್‌ಬಾಲ್‌ಗೆ ಅಂತಲೇ ಒಂದು ಸಹಾಯವಾಣಿ ತೆರೆಯಿತು. ಮೊದಲ ವಾರದಲ್ಲೇ 800ಕ್ಕೂ ಜಾಸ್ತಿ ಕರೆ ಬಂತು. 2018ರ ಫೆಬ್ರವರಿಯಲ್ಲಿ ಲಿವರ್‌ಪೂಲಿನ ನ್ಯಾಯಾಲಯ 12 ಹುಡುಗರ ಮೇಲಿನ 50 ಅಪರಾಧಗಳಿಗೆ ಬೆನೆಲ್‌ಗೆ 31 ವರ್ಷ ಶಿಕ್ಷೆ ಕೊಟ್ಟಿತು. 2023ರಲ್ಲಿ ಜೈಲಿನಲ್ಲೇ ಸತ್ತ.

ಇಷ್ಟು ಹೊತ್ತಿಗೆ "ಅಯ್ಯೋ, ಅಷ್ಟು ವರ್ಷ ಯಾರಿಗೂ ಗೊತ್ತೇ ಆಗಲಿಲ್ವಾ?" ಅಂತ ಕೇಳುತ್ತೀರಿ. ಗೊತ್ತಾಗಿತ್ತು. ಅದೇ ಇದರಲ್ಲಿ ಹೊಟ್ಟೆ ಉರಿಸುವ ವಿಷಯ. 1990ರ ದಶಕದಲ್ಲೇ ಅವನಿಗೆ ಎರಡು ಸಲ ಶಿಕ್ಷೆಯಾಗಿತ್ತು, ಒಮ್ಮೆ ಅಮೆರಿಕದ ಫ್ಲಾರಿಡಾದಲ್ಲಿ, ಇನ್ನೊಮ್ಮೆ 1998ರಲ್ಲಿ ಇಂಗ್ಲೆಂಡಿನಲ್ಲೇ. 1997ರಲ್ಲಿ ಟಿವಿಯಲ್ಲಿ ಒಂದು ತನಿಖಾ ಕಾರ್ಯಕ್ರಮವೂ ಬಂದಿತ್ತು. ಅದರಲ್ಲಿ ಒಬ್ಬ ಯುವಕ ಕ್ಯಾಮೆರಾ ಮುಂದೆ ಕೂತು ಎಲ್ಲ ಹೇಳಿದ್ದ. ಆದರೂ ಇದೊಂದು ಕೆಟ್ಟ ಮನುಷ್ಯನ ಕಥೆ ಅಂತಾಯಿತೇ ಹೊರತು, ಕ್ಲಬ್‌ಗಳು ನಡೆಯುವ ರೀತಿಯಲ್ಲೇ ಏನೋ ತಪ್ಪಿದೆ ಅಂತ ಯಾರಿಗೂ ಅನ್ನಿಸಲಿಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ಎಫ್‌ಎ, ವಕೀಲ ಕ್ಲೈವ್ ಶೆಲ್ಡನ್ ಅವರಿಗೆ ಪರಿಶೀಲನೆಯ ಕೆಲಸ ಒಪ್ಪಿಸಿತು. 1970ರಿಂದ 2005ರವರೆಗಿನ ಕಾಲ ಅವರ ವ್ಯಾಪ್ತಿ. 2021ರ ಮಾರ್ಚ್‌ನಲ್ಲಿ ಬಂದ ಅವರ ವರದಿ 700 ಪುಟ ದಾಟಿತ್ತು. ಕನಿಷ್ಠ 240 ಶಂಕಿತರು, 692 ಮಂದಿ ದೌರ್ಜನ್ಯ ಅನುಭವಿಸಿದವರು ಅನ್ನೋದು ಅದರ ಲೆಕ್ಕ. 1995ರ ಅಕ್ಟೋಬರ್‌ನಿಂದ 2000ದ ಮೇ ತನಕ, ಅಪಾಯ ಗೊತ್ತಾದ ಮೇಲೂ ಎಫ್‌ಎ ತಡ ಮಾಡಿತು, ಅದು ಇಡೀ ಸಂಸ್ಥೆಯ ವೈಫಲ್ಯ ಅಂತ ಶೆಲ್ಡನ್ ಬರೆದರು. 1995 ಯಾಕೆ ಅಂದರೆ, ಆ ವರ್ಷ ಬ್ರಿಟನ್ನಿನ ಒಬ್ಬ ಒಲಿಂಪಿಕ್ ಈಜು ಕೋಚ್‌ಗೆ ಇದೇ ತರಹದ ಅಪರಾಧಕ್ಕೆ ಜೈಲಾಗಿತ್ತು. ಪಕ್ಕದ ಮನೆಗೆ ಬೆಂಕಿ ಬಿದ್ದಿದ್ದನ್ನು ನೋಡಿಯೂ ಎಫ್‌ಎ ತನ್ನ ಮನೆಯ ಅಡುಗೆಮನೆ ನೋಡಿಕೊಳ್ಳಲಿಲ್ಲ. ಕ್ರೂ ಕ್ಲಬ್ ಬಗ್ಗೆ ವರದಿ ಹೇಳಿದ್ದೂ ಮುಖ್ಯ: ಬೆನೆಲ್ ಬಗ್ಗೆ ಗುಸುಗುಸು ಇತ್ತು, ಅವನ ಮನೆಯಲ್ಲಿ ಉಳಿಯುತ್ತಿದ್ದ ಹುಡುಗರು ಹೇಗಿದ್ದಾರೆ ಅಂತ ಕ್ಲಬ್ ಇನ್ನೂ ಸರಿಯಾಗಿ ವಿಚಾರಿಸಬೇಕಿತ್ತು.

ಮಗು ಯಾಕೆ ಹೇಳಲ್ಲ

ಇಂಥ ಅಪರಾಧಿ ಕತ್ತಲೆಯಲ್ಲಿ ಅಡಗಿ ಬರುವವನಲ್ಲ. ಮೊದಲು ಮಗುವನ್ನು ಆರಿಸಿಕೊಳ್ಳುತ್ತಾನೆ, ಜಾಸ್ತಿ ಗಮನ ಕೊಡುತ್ತಾನೆ. "ನಿನ್ನಲ್ಲಿ ಏನೋ ವಿಶೇಷ ಇದೆ" ಅನ್ನುತ್ತಾನೆ. ಹೊಸ ಸ್ಟಡ್ಸ್, ಅಂದರೆ ಫುಟ್‌ಬಾಲ್ ಶೂ, ಕೊಡಿಸುತ್ತಾನೆ. ಮನೆಗೆ ಬಂದು ಅಪ್ಪ ಅಮ್ಮನ ಜೊತೆ ಊಟ ಮಾಡುತ್ತಾನೆ, ಫೀಸ್ ಕಟ್ಟೋಕೆ ಕಷ್ಟ ಇದ್ದರೆ ಬಿಟ್ಟುಬಿಡುತ್ತಾನೆ. ಆಮೇಲೆ ಪ್ರಾಕ್ಟೀಸ್ ಮುಗಿದ ಮೇಲೆ ಒಂದು ಅರ್ಧ ಗಂಟೆ ಸ್ಪೆಷಲ್ ಕೋಚಿಂಗ್. ಬೈಕಿನಲ್ಲಿ ಮನೆಗೆ ಡ್ರಾಪ್. ರಾತ್ರಿ ವಾಟ್ಸಾಪ್ ಮೆಸೇಜು. ಅಪ್ಪನಿಗೆ ಹೇಳಬೇಡ ಅನ್ನೋ ಒಂದು ಸಣ್ಣ ಗುಟ್ಟು, ಒಂದು ಐಸ್‌ಕ್ರೀಮಿನ ವಿಷಯ ಇರಬಹುದು. ಮಗು ಆ ಗುಟ್ಟನ್ನು ಉಳಿಸಿಕೊಂಡರೆ ಮುಂದಿನದು ಸ್ವಲ್ಪ ದೊಡ್ಡದು. ಒಂದೊಂದೇ ಹೆಜ್ಜೆ ಇಡುತ್ತಾ ಮಗುವನ್ನೂ ಮನೆಯವರನ್ನೂ ಹೀಗೆ ಪಳಗಿಸುವುದಕ್ಕೆ ಗ್ರೂಮಿಂಗ್ ಅನ್ನುತ್ತಾರೆ.

ಇದರಲ್ಲಿ ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ತಪ್ಪು ಕಾಣಲ್ಲ. ಎಷ್ಟೋ ಒಳ್ಳೆಯ ಕೋಚ್‌ಗಳೂ ಬಡ ಹುಡುಗನಿಗೆ ಸ್ಟಡ್ಸ್ ಕೊಡಿಸಿದ್ದಾರೆ, ಮಳೆ ಬಂದಾಗ ಮನೆಗೆ ಬಿಟ್ಟಿದ್ದಾರೆ. ಹಾಗಾಗಿ ನಡತೆ ನೋಡಿ ಒಳ್ಳೆಯವರನ್ನೂ ಕೆಟ್ಟವರನ್ನೂ ಬೇರೆ ಮಾಡೋದು ನಮ್ಮ ಕೈಲಿ ಆಗದ ಕೆಲಸ. ಆ ಪ್ರಯತ್ನವನ್ನೇ ಬಿಟ್ಟು, ಯಾರೇ ಕೋಚ್ ಆಗಿದ್ದರೂ ಮಗುವಿನ ಜೊತೆ ಒಬ್ಬರೇ ಇರುವ ಸಂದರ್ಭ ಬರದ ಹಾಗೆ ಕ್ಲಬ್ಬನ್ನು ನಡೆಸಬೇಕು. ಇಡೀ ವಿಷಯದ ತಿರುಳು ಇಷ್ಟೇ, ಮಿಕ್ಕಿದ್ದೆಲ್ಲ ಇದರ ವಿವರ.

ಫುಟ್‌ಬಾಲಿನಲ್ಲಿ ಇನ್ನೊಂದು ಸಿಕ್ಕು ಇದೆ. ಟೀಮಿನಲ್ಲಿ ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಅನ್ನೋದು ಕೋಚ್ ಕೈಲಿದೆ. ಸೆಲೆಕ್ಷನ್ ಟ್ರಯಲ್ಸ್‌ಗೆ ಯಾರ ಹೆಸರು ಹೋಗಬೇಕು ಅನ್ನೋದೂ ಅವರದೇ ಮಾತು. ಹದಿಮೂರು ವರ್ಷದ ಹುಡುಗನಿಗೆ ಅದು ಇಡೀ ಭವಿಷ್ಯ. ಸರ್ ಬಗ್ಗೆ ಬಾಯಿ ಬಿಟ್ಟರೆ ಟೀಮಿನಿಂದ ಹೊರಗೆ ಅನ್ನೋ ಭಯ ಯಾರೂ ಹೇಳಿಕೊಡದೇ ಬರುತ್ತದೆ. ಹುಡುಗರಿಗೆ ನಾಚಿಕೆ ಬೇರೆ. ಗಂಡುಮಕ್ಕಳಿಗೆ ಹೀಗಾಗಲ್ಲ ಅಂತ ನಾವು ಇನ್ನೂ ನಂಬಿಕೊಂಡಿದ್ದೇವೆ, ಅಲ್ವಾ? ಕ್ರೂನಲ್ಲಿ ಬಲಿಯಾದವರೆಲ್ಲ ಹುಡುಗರೇ.

ಇಂಗ್ಲೆಂಡಿನಲ್ಲಿ ಈಗ ಹೇಗಿದೆ

ಇಂಗ್ಲೆಂಡಿನಲ್ಲಿರುವ ಕನ್ನಡದ ಮನೆಗಳಲ್ಲಿ ಭಾನುವಾರ ಬೆಳಿಗ್ಗೆ ಮಗುವನ್ನು ಮೈದಾನಕ್ಕೆ ಕರೆದುಕೊಂಡು ಹೋಗುವವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಮಕ್ಕಳ ಟೀಮ್ ನಡೆಸೋದು ಬಹುಪಾಲು ಸಂಬಳ ಇಲ್ಲದ ಅಪ್ಪ ಅಮ್ಮಂದಿರೇ. "ವಾರ ವಾರ ಬರ್ತೀರಲ್ಲ, ಕೋಚ್‌ಗೆ ಸ್ವಲ್ಪ ಸಹಾಯ ಮಾಡ್ತೀರಾ?" ಅಂತ ಕ್ಲಬ್ಬಿನವರು ಕೇಳುತ್ತಾರೆ. ಹೂಂ ಅಂದ ತಕ್ಷಣ ಬಿಬ್ (ಟೀಮ್ ಗುರುತಿಗೆ ಜೆರ್ಸಿ ಮೇಲೆ ಹಾಕುವ ಬಣ್ಣದ ಬನಿಯನ್) ಹಂಚೋಕೆ ಬಿಡಲ್ಲ. ಮೊದಲು ಡಿಬಿಎಸ್ ಅನ್ನೋ ಸರ್ಕಾರಿ ವ್ಯವಸ್ಥೆಯ ಮೂಲಕ ನಿಮ್ಮ ಮೇಲೆ ಹಳೆಯ ಕೇಸುಗಳಿವೆಯಾ ಅಂತ ನೋಡುತ್ತಾರೆ. ಫುಟ್‌ಬಾಲಿನಲ್ಲಿ ಅದನ್ನು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು. ಮಕ್ಕಳ ರಕ್ಷಣೆಯ ಬಗ್ಗೆ ಒಂದು ಕೋರ್ಸ್ ಮಾಡಬೇಕು. ಬೆಂಗಳೂರಿನಿಂದ ಹೋದ ಅಪ್ಪನಿಗೆ ಮೊದಲ ಸಲ ಸ್ವಲ್ಪ ಅವಮಾನ ಅನ್ನಿಸಿದರೂ ಅನ್ನಿಸಬಹುದು, ನನ್ನ ಮಗನ ಟೀಮಿಗೆ ನೀರಿನ ಬಾಟಲಿ ಹೊರೋಕೆ ಪೊಲೀಸ್ ದಾಖಲೆ ಯಾಕೆ ಅಂತ. ಎಲ್ಲರನ್ನೂ ಒಂದೇ ತರಹ ಕೇಳುವುದರಿಂದ ಯಾರ ಮೇಲೂ ಅನುಮಾನ ಪಟ್ಟ ಹಾಗೆ ಆಗಲ್ಲ.

ಆದರೆ ಈ ಚೆಕ್ ಮೇಲೆ ಜಾಸ್ತಿ ಭರವಸೆ ಇಡಬಾರದು. ಅದು ತೋರಿಸೋದು ಈಗಾಗಲೇ ಸಿಕ್ಕಿಬಿದ್ದವರನ್ನು ಮಾತ್ರ. ಬೆನೆಲ್ ಕ್ರೂಗೆ ಸೇರಿದಾಗ ಯಾವ ದಾಖಲೆ ತೆಗೆದರೂ ಅದು ಖಾಲಿಯೇ ಇರುತ್ತಿತ್ತು. ಹಾಗಾಗಿ ಚೆಕ್ ಆದ ಮೇಲೂ ನಿಯಮಗಳು ಬೇಕು.

ಆ ನಿಯಮಗಳು ತೀರಾ ಸಣ್ಣಪುಟ್ಟವು. ಕೋಚ್ ಮಗುವಿಗೆ ಒಬ್ಬಂಟಿಯಾಗಿ ಮೆಸೇಜ್ ಕಳಿಸಬಾರದು. ಕಳಿಸಿದರೆ ಅಪ್ಪ ಅಮ್ಮನೋ ಇನ್ನೊಬ್ಬ ದೊಡ್ಡವರೋ ಅದರಲ್ಲಿ ಇರಬೇಕು. ಕಾರಿನಲ್ಲಿ ಒಂದೇ ಮಗುವನ್ನು ಒಬ್ಬರೇ ಕರೆದುಕೊಂಡು ಹೋಗಬಾರದು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಮೊಬೈಲ್ ತೆಗೆಯಬಾರದು, ದೊಡ್ಡವರು ಮಕ್ಕಳ ಜೊತೆ ಬಟ್ಟೆ ಬದಲಾಯಿಸಬಾರದು. ಕಾಲು ಉಳುಕಿದರೆ ನೋಡೋದು ಎಲ್ಲರ ಕಣ್ಣೆದುರೇ. ಫೋಟೋ ಹಾಕುವ ಮುಂಚೆ ಮನೆಯವರ ಒಪ್ಪಿಗೆ ಬೇಕು, ಫೋಟೋ ಕೆಳಗೆ ಮಗುವಿನ ಪೂರ್ತಿ ಹೆಸರು ಬೇಡ. ರಾತ್ರಿ ಉಳಿಯುವ ಟೂರ್ ಇದ್ದರೆ ಯಾರು ಯಾವ ಕೋಣೆಯಲ್ಲಿ, ಜೊತೆಗೆ ಯಾವ ದೊಡ್ಡವರು, ಫೋನ್ ನಂಬರ್ ಏನು ಅನ್ನೋದು ಹೊರಡುವ ಮುಂಚೆಯೇ ಕಾಗದದ ಮೇಲೆ ಇರಬೇಕು.

ಸರಿಯಾದ ಕೋಚ್‌ಗೂ ಇದರಿಂದ ಲಾಭವೇ. ಸಾಯಂಕಾಲ ಏಳಕ್ಕೆ ಪ್ರಾಕ್ಟೀಸ್ ಮುಗಿದಿದೆ, ಒಂದು ಹುಡುಗಿಯ ಅಪ್ಪ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತಿಟ್ಟುಕೊಳ್ಳಿ. ಏನು ಮಾಡಬೇಕು ಅಂತ ಕೋಚ್ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೊನೆಯ ಮಗು ಹೋಗುವ ತನಕ ಇಬ್ಬರು ದೊಡ್ಡವರು ಇರುತ್ತಾರೆ, ಗೇಟಿನ ಹತ್ರ ಬೆಳಕಿರುವ ಕಡೆ ನಿಂತಿರುತ್ತಾರೆ ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಯಾರೂ ಯಾರಿಗೂ ವಿವರಣೆ ಕೊಡಬೇಕಾದ ಪ್ರಸಂಗ ಬರಲ್ಲ.

ಇದರ ಜೊತೆಗೆ ಪ್ರತಿ ಮಕ್ಕಳ ಕ್ಲಬ್ಬಿಗೂ ಒಬ್ಬ ವೆಲ್‌ಫೇರ್ ಆಫೀಸರ್ ಇರಲೇಬೇಕು. ಹೆಸರು ದೊಡ್ಡದು, ಅದೂ ಸಂಬಳವಿಲ್ಲದ ಕೆಲಸವೇ. ಕೋಚ್ ಬಗ್ಗೆ ದೂರು ಇದ್ದರೆ ಕೋಚ್‌ಗೇ ಹೇಳಬೇಕಾದ ಪರಿಸ್ಥಿತಿ ತಪ್ಪಿಸೋದು ಅವರ ಉಪಯೋಗ. ಅವರ ಮೇಲೆ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ, ಮಟ್ಟದಲ್ಲಿ ಇದೇ ಕೆಲಸಕ್ಕೆ ಅಂತ ಇನ್ನೊಬ್ಬ ಅಧಿಕಾರಿ ಇರುತ್ತಾರೆ. ಕ್ಲಬ್ಬಿನ ಅಧ್ಯಕ್ಷರೇ ಕೋಚ್‌ನ ಭಾವಮೈದ ಆಗಿದ್ದರೂ ದೂರು ಹೊರಗೆ ಹೋಗೋಕೆ ಒಂದು ದಾರಿ ಇದೆ.

ಕಾನೂನಿನಲ್ಲಿ ಒಂದು ವಿಚಿತ್ರ ತೂತು ಇತ್ತು, ಅದು ಮುಚ್ಚಿದ್ದು 2022ರಲ್ಲಿ. ಅಲ್ಲಿ 16 ತುಂಬಿದ ಮೇಲೆ ಒಪ್ಪಿಗೆಯ ಸಂಬಂಧಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಶಾಲೆಯ ಮೇಷ್ಟ್ರು ತನ್ನ 16, 17ರ ವಿದ್ಯಾರ್ಥಿಯ ಜೊತೆ ಸಂಬಂಧ ಇಟ್ಟುಕೊಂಡರೆ ಅಪರಾಧ. ಕ್ರೀಡಾ ಕೋಚ್ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಆಟದ ಮೈದಾನದಲ್ಲಿ ಅಧಿಕಾರ ಇನ್ನೂ ಜಾಸ್ತಿ ಅಂತ ಒಪ್ಪಿಕೊಳ್ಳೋಕೆ ಪಾರ್ಲಿಮೆಂಟಿಗೆ ಅಷ್ಟು ವರ್ಷ ಬೇಕಾಯಿತು. ಆ ವರ್ಷದ ಜೂನ್‌ನಿಂದ ಕೋಚ್‌ಗೂ ಅದೇ ನಿಯಮ.

ಗೆರೆಯಾಚೆ ನಿಂತವರು

ಈಗ ಎರಡನೇ ವಿಷಯ, ನಡತೆ. ಸುರಕ್ಷತೆ ಒಂದು ಕಡೆ, ಶಿಸ್ತು ಇನ್ನೊಂದು ಕಡೆ ಅಂತ ಕ್ಲಬ್ಬುಗಳು ಬೇರೆಬೇರೆ ಕಾಗದದಲ್ಲಿ ಬರೆಯುತ್ತವೆ. ನನ್ನ ಪ್ರಕಾರ ಎರಡೂ ಒಂದೇ. ಬೈಗುಳ ಸಾಮಾನ್ಯವಾಗಿರುವ ಮೈದಾನದಲ್ಲಿ ಮಗು ದೊಡ್ಡವರಿಗೆ ಏನನ್ನೂ ಹೇಳದೇ ಇರೋದನ್ನು ಕಲಿಯುತ್ತದೆ.

ಬೆಂಗಳೂರಿನ ಯಾವುದಾದರೂ ಟರ್ಫ್ ಹತ್ರ ಶನಿವಾರ ಬೆಳಿಗ್ಗೆ ನಿಂತು ನೋಡಿ. ಹಸಿರು ಬಲೆಯ ಹೊರಗೆ ಅಪ್ಪಂದಿರು ಕಾಫಿ ಲೋಟ ಹಿಡಿದು ನಿಂತಿರುತ್ತಾರೆ. "ಪಾಸ್ ಕೊಡೋ!" ಅಂತ ಒಬ್ಬರು, "ಶೂಟ್ ಮಾಡು ಶೂಟ್ ಮಾಡು!" ಅಂತ ಇನ್ನೊಬ್ಬರು, ಒಳಗಿನಿಂದ ಕೋಚ್ "ಹೋಲ್ಡ್!" ಅಂತ. ಎಂಟು ವರ್ಷದ ಹುಡುಗ ಚೆಂಡು ಕಾಲಿಗೆ ಬಂದ ತಕ್ಷಣ ಗೋಲ್ ಕಡೆ ನೋಡಲ್ಲ, ಬಲೆಯ ಕಡೆ ತಿರುಗಿ ಅಪ್ಪನ ಮುಖ ನೋಡುತ್ತಾನೆ. ಅಷ್ಟರಲ್ಲಿ ಚೆಂಡು ಹೋಗಿರುತ್ತದೆ. "ಕಣ್ಣು ಎಲ್ಲಿಟ್ಟಿದ್ದೀಯೋ?" ಅಂತ ಅಪ್ಪ. ಪಾಪ, ನಿಮ್ಮ ಮೇಲೇ ಇಟ್ಟಿದ್ದ.

ಇಂಗ್ಲೆಂಡಿನಲ್ಲಿ ಈ ಕಾಯಿಲೆ ಇನ್ನೂ ಜೋರಾಗಿತ್ತು. ರೆಫ್ರಿಗಳನ್ನು ಬೈಯುವುದು, ಬೆದರಿಸುವುದು, ಹೊಡೆಯಲು ಹೋಗುವುದು ನಡೆದೇ ಇತ್ತು. ಬೈಸಿಕೊಳ್ಳೋಕೆ ಆಗದೆ ರೆಫ್ರಿಗಳು ಕೆಲಸ ಬಿಡುತ್ತಿದ್ದರು. 2008ರಲ್ಲಿ ಎಫ್‌ಎ ರೆಸ್ಪೆಕ್ಟ್ ಅನ್ನೋ ಕಾರ್ಯಕ್ರಮ ಶುರು ಮಾಡಿತು. ಗೆರೆಯಿಂದ ಸ್ವಲ್ಪ ಹಿಂದೆ ಒಂದು ಪಟ್ಟಿ ಕಟ್ಟಿ, ನೋಡುವವರು ಅದರ ಹಿಂದೆಯೇ ನಿಲ್ಲಬೇಕು ಅಂದರು. ರೆಫ್ರಿ ಹತ್ರ ಮಾತಾಡೋದು ಕ್ಯಾಪ್ಟನ್ ಕೆಲಸ ಅಂದರು. ಆಟಗಾರ, ಕೋಚ್, ಅಪ್ಪ ಅಮ್ಮ ಮೂವರಿಗೂ ನಡತೆಯ ನಿಯಮ ಬರೆದು ಸಹಿ ಹಾಕಿಸಿಕೊಂಡರು. ಕೆಲವು ಕಡೆ ಮಕ್ಕಳ ಲೀಗ್‌ಗಳಲ್ಲಿ ಒಂದು ವಾರಾಂತ್ಯ ಹೊರಗಿನವರು ಬಾಯೇ ಬಿಡಬಾರದು, ಚಪ್ಪಾಳೆ ಮಾತ್ರ ತಟ್ಟಬಹುದು ಅನ್ನೋ ಪ್ರಯೋಗವೂ ಇದೆ. ಇದು ನಮ್ಮಲ್ಲೂ ಒಂದು ವಾರ ಮಾಡಿ ನೋಡಬೇಕಾದದ್ದು. ಮಕ್ಕಳು ಮಕ್ಕಳ ಜೊತೆ ಮಾತಾಡೋದು ಆಗ ಕೇಳಿಸುತ್ತದೆ.

ಇನ್ನೂ ದಿಟ್ಟ ನಿರ್ಧಾರ ಒಂದಿದೆ. ಅಂಡರ್-7ರಿಂದ ಅಂಡರ್-11ರವರೆಗಿನ ಲೀಗ್ ಮ್ಯಾಚುಗಳ ಫಲಿತಾಂಶವನ್ನಾಗಲಿ ಅಂಕಪಟ್ಟಿಯನ್ನಾಗಲಿ ಪ್ರಕಟಿಸುವಂತಿಲ್ಲ. ಮಕ್ಕಳಿಗೆ ಯಾರು ಗೆದ್ದರು ಅಂತ ಗೊತ್ತೇ ಇರುತ್ತದೆ, ಎಣಿಸಿಕೊಂಡಿರುತ್ತಾರೆ. ಐದು ನಿಮಿಷಕ್ಕೆ ಮರೆತು ಬಿಸ್ಕತ್ ತಿನ್ನೋಕೆ ಹೋಗುತ್ತಾರೆ. ಪಟ್ಟಿ ಇಲ್ಲ ಅಂದರೆ ದೊಡ್ಡವರಿಗೆ ಕಿರುಚೋಕೆ ಒಂದು ಕಾರಣ ಕಮ್ಮಿ ಆಗುತ್ತದೆ. ಆಟದಲ್ಲಿ ಅಷ್ಟು ಚುರುಕಿಲ್ಲದ ಹುಡುಗನಿಗೂ ಆಡೋ ಅವಕಾಶ ಸಿಗುತ್ತದೆ, ಯಾಕಂದ್ರೆ ಅವನನ್ನು ಇಳಿಸಿದರೆ ಕೋಚ್‌ಗೆ ಕಳೆದುಕೊಳ್ಳೋದು ಏನೂ ಇಲ್ಲ.

ಅಲ್ಲಿ ರೆಫ್ರಿ ಆಗೋಕೆ 14 ವರ್ಷ ತುಂಬಿದರೆ ಸಾಕು. ಅಂದರೆ ಶೀಟಿ ಊದುತ್ತಾ ಓಡುತ್ತಿರುವ ಆ ಕರಿ ಜೆರ್ಸಿಯೂ ಎಷ್ಟೋ ಸಲ ಒಂದು ಮಗುವೇ. ನಲವತ್ತು ದಾಟಿದ ಗಂಡಸು ಒಂಬತ್ತನೇ ಕ್ಲಾಸಿನ ಹುಡುಗನಿಗೆ ಆಫ್‌ಸೈಡ್ ವಿಷಯಕ್ಕೆ ಕೆಟ್ಟ ಮಾತು ಆಡುತ್ತಾನೆ! ಅದಕ್ಕೇ ಕೆಲವು ಕೌಂಟಿಗಳಲ್ಲಿ 18 ತುಂಬದ ರೆಫ್ರಿಗಳು ಬೇರೆ ಬಣ್ಣದ ಕೈಪಟ್ಟಿಯೋ ಸಾಕ್ಸೋ ಹಾಕಿರುತ್ತಾರೆ, ನೋಡಿದ ತಕ್ಷಣ ಗೊತ್ತಾಗಲಿ ಅಂತ.

ನಮ್ಮಲ್ಲಿ ಬೈಗುಳದ ಜೊತೆಗೆ ಹೊಡೆತವೂ ಇದೆ. ತಡವಾಗಿ ಬಂದರೆ ಕಿವಿ ಹಿಂಡೋದು, ಪಾಸ್ ತಪ್ಪಿದರೆ ತಲೆಗೆ ಮೊಟಕೋದು, ಸೋತರೆ ನೀರು ಕೊಡದೆ ಹತ್ತು ರೌಂಡ್ ಓಡಿಸೋದು. "ನಮ್ಮ ಕಾಲದಲ್ಲಿ ಇನ್ನೂ ಹೊಡೀತಿದ್ರು" ಅಂತ ಹೆಮ್ಮೆಯಿಂದ ಹೇಳುವ ಅಪ್ಪಂದಿರೂ ಇದ್ದಾರೆ. 2015ರ ಜುವೆನೈಲ್ ಜಸ್ಟಿಸ್ ಕಾಯ್ದೆಯ 75ನೇ ಕಲಂ ಪ್ರಕಾರ, ಮಗುವಿನ ಜವಾಬ್ದಾರಿ ಹೊತ್ತವರು ಅದಕ್ಕೆ ಅನಗತ್ಯವಾಗಿ ದೈಹಿಕ ಅಥವಾ ಮಾನಸಿಕ ನೋವು ಕೊಟ್ಟರೆ ಅದು ಜೈಲು ಶಿಕ್ಷೆಯ ಅಪರಾಧ.

ವಯಸ್ಸಿನ ಸುಳ್ಳು ದಾಖಲೆ ಇನ್ನೊಂದು. ಅಂಡರ್-13 ಟೀಮಿಗೆ ಹದಿನೈದರ ಹುಡುಗನನ್ನು ಇಳಿಸೋದನ್ನು ನಾವು ಬರೀ ಮೋಸ ಅಂತ ನೋಡುತ್ತೇವೆ. ಎದುರಾಳಿ ಡಿಫೆಂಡರ್ ಮೇಲೆ ಆ ಮೈ ಬಂದು ಬಿದ್ದಾಗ ಮುರಿಯೋದು ಹನ್ನೆರಡರ ಹುಡುಗನ ಮೂಳೆ. ಮೂಳೆಯ ಬೆಳವಣಿಗೆ ನೋಡಿ ವಯಸ್ಸು ಅಂದಾಜು ಮಾಡುವ ಪರೀಕ್ಷೆಯನ್ನು ನಮ್ಮ ಫೆಡರೇಷನ್ ಕಿರಿಯರ ಲೀಗ್‌ಗಳಿಗೆ ತಂದಿರುವುದು ಸುಮ್ನೆ ಅಲ್ಲ. ಹಾಗೇ, ಎತ್ತಿಡಬಹುದಾದ ಗೋಲ್‌ಪೋಸ್ಟನ್ನು ನೆಲಕ್ಕೆ ಬಿಗಿದಿದ್ದಾರಾ ಅಂತ ಒಮ್ಮೆ ಅಲುಗಾಡಿಸಿ ನೋಡಿ. ಮಕ್ಕಳು ಅದಕ್ಕೆ ಜೋತಾಡದೇ ಇರಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ

ಇಲ್ಲಿಗೂ ಇಂಥ ವಿಷಯ ಹೊಸದಲ್ಲ. 2022ರಲ್ಲಿ ಭಾರತದ 17 ವರ್ಷದೊಳಗಿನ ಹುಡುಗಿಯರ ತಂಡ ಯುರೋಪ್ ಪ್ರವಾಸದಲ್ಲಿದ್ದಾಗ, ಸಹಾಯಕ ಕೋಚ್ ಒಬ್ಬರು ಅಪ್ರಾಪ್ತ ಆಟಗಾರ್ತಿಯ ಜೊತೆ ಅನುಚಿತವಾಗಿ ನಡೆದುಕೊಂಡ ಆರೋಪ ಬಂತು. ಅವರನ್ನು ಮೊದಲು ಅಮಾನತು ಮಾಡಿ, ಆಮೇಲೆ ಕೆಲಸದಿಂದಲೇ ತೆಗೆದರು. ಸ್ವಂತ ನೆಲದಲ್ಲಿ ವಿಶ್ವಕಪ್ ಆಡೋಕೆ ತಯಾರಾಗುತ್ತಿದ್ದ ತಂಡ ಅದು.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋಕೆ ಇರುವ 2012ರ ಪೋಕ್ಸೋ ಕಾಯ್ದೆ 18 ತುಂಬದ ಎಲ್ಲರಿಗೂ ಅನ್ವಯ, ಹುಡುಗನಾಗಲಿ ಹುಡುಗಿಯಾಗಲಿ. ಮುಟ್ಟಿದರೆ ಮಾತ್ರ ಅಪರಾಧ ಅಂತಿಲ್ಲ, ಲೈಂಗಿಕ ಉದ್ದೇಶದ ಮಾತು, ಮೊಬೈಲಿಗೆ ಕಳಿಸುವ ಚಿತ್ರ, ಹಿಂಬಾಲಿಸುವುದು ಎಲ್ಲವೂ ಇದರೊಳಗೆ ಬರುತ್ತವೆ. ಮಗುವಿನ ನಂಬಿಕೆ ಅಥವಾ ಅಧಿಕಾರದ ಸ್ಥಾನದಲ್ಲಿ ಇರುವವರು ದೌರ್ಜನ್ಯ ಮಾಡಿದರೆ ಅದು ಇನ್ನೂ ಗಂಭೀರ ಅಪರಾಧ, ಶಿಕ್ಷೆಯೂ ಜಾಸ್ತಿ. ಕೋಚ್ ಇರೋದು ಅದೇ ಸ್ಥಾನದಲ್ಲಿ.

ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ್ದು 2020ರ ಪೋಕ್ಸೋ ನಿಯಮಗಳು. ಮೂರನೇ ನಿಯಮದಲ್ಲಿ ಕ್ರೀಡಾ ಅಕಾಡೆಮಿ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಆಗಬೇಕು, ಅದೂ ಒಮ್ಮೆ ಮಾಡಿಸಿ ಬಿಡೋದಲ್ಲ, ಆಗಾಗ. ಕಾಯಂ ಆಗಲಿ ಗುತ್ತಿಗೆ ಆಗಲಿ, ಕೋಚಿಂಗ್ ಮಾಡಲಿ ಮಾಡದಿರಲಿ, ಯಾರಿಗೂ ವಿನಾಯಿತಿ ಇಲ್ಲ. ಗ್ರೌಂಡ್ ನೋಡಿಕೊಳ್ಳುವವರು, ವ್ಯಾನ್ ಓಡಿಸುವ ಡ್ರೈವರ್ ಎಲ್ಲ ಸೇರಿ. ಮಕ್ಕಳ ಸುರಕ್ಷತೆ ಬಗ್ಗೆ ಸಿಬ್ಬಂದಿಗೆ ತರಬೇತಿಯೂ ಕೊಡಬೇಕು. ಹಾಗಾಗಿ "ವೆರಿಫಿಕೇಶನ್ ಆಗಿದೆಯಾ?" ಅಂತ ಅಕಾಡೆಮಿಯಲ್ಲಿ ಕೇಳೋಕೆ ಸಂಕೋಚ ಬೇಡ. ಕೇಳಿದಾಗ ಏನು ಉತ್ತರ ಬಂತು ಅನ್ನುವಷ್ಟೇ ಯಾವ ಧ್ವನಿಯಲ್ಲಿ ಬಂತು ಅನ್ನೋದನ್ನೂ ಗಮನಿಸಿ. "ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಮೇಡಂ" ಅಂತ ನಕ್ಕರೆ, ಆ ನಗುವೇ ನಿಮಗೆ ಬೇಕಾದ ಮಾಹಿತಿ. ದೂರು ಇದ್ದರೆ ಕೋಚ್ ಬಿಟ್ಟು ಬೇರೆ ಯಾರಿಗೆ ಹೇಳಬೇಕು, ಹೊರ ಊರಿನ ಟೂರ್ನಮೆಂಟಿಗೆ ಹುಡುಗಿಯರ ಜೊತೆ ಹೆಂಗಸರು ಯಾರು ಬರುತ್ತಾರೆ, ಮಗುವಿನ ನಂಬರಿಗೆ ಕೋಚ್ ನೇರವಾಗಿ ಮೆಸೇಜ್ ಮಾಡುತ್ತಾರಾ ಅಂತಲೂ ಅವತ್ತೇ ಕೇಳಿಬಿಡಿ.

ಇನ್ನು ಪೋಕ್ಸೋ ಕಾಯ್ದೆಯ 19ನೇ ಕಲಂ. ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಅಂತ ಗೊತ್ತಾದ, ಅಥವಾ ನಡೆಯಬಹುದು ಅನ್ನೋ ಆತಂಕ ಇರುವ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. "ಅಕಾಡೆಮಿ ಹೆಸರು ಹಾಳಾಗತ್ತೆ, ಅವರನ್ನು ಕೆಲಸದಿಂದ ತೆಗೆದಿದ್ದೀವಿ, ಇಲ್ಲಿಗೆ ಬಿಡಿ" ಅಂತ ಹೇಳೋದು ಕಾನೂನಿನ ಪ್ರಕಾರವೇ ತಪ್ಪು. ಹಾಗೆ ಸದ್ದಿಲ್ಲದೆ ಕಳಿಸಿದ ಮನುಷ್ಯ ಮುಂದಿನ ತಿಂಗಳು ಇನ್ನೊಂದು ಬಡಾವಣೆಯ ಟರ್ಫಿನಲ್ಲಿ ಶೀಟಿ ಊದುತ್ತಿರುತ್ತಾನೆ. ಒಳ್ಳೆಯ ಉದ್ದೇಶದಿಂದ ದೂರು ಕೊಟ್ಟವರಿಗೆ, ಆಮೇಲೆ ಅದು ಸಾಬೀತಾಗದಿದ್ದರೂ ಕಾನೂನು ರಕ್ಷಣೆ ಕೊಡುತ್ತದೆ.

ಮಗು ಏನಾದರೂ ಹೇಳಿದರೆ

ಮಕ್ಕಳು ನೇರವಾಗಿ ಹೇಳೋದು ಕಮ್ಮಿ. ಫುಟ್‌ಬಾಲ್ ಅಂದರೆ ಕುಣಿಯುತ್ತಿದ್ದ ಹುಡುಗಿ ಇದ್ದಕ್ಕಿದ್ದ ಹಾಗೆ ಹೊಟ್ಟೆ ನೋವು ಅನ್ನಬಹುದು. "ಇವತ್ತು ಸರ್ ಒಬ್ರೇ ಇರ್ತಾರಾ?" ಅಂತ ಕೇಳಬಹುದು. ಹಾಗಂತ ಪ್ರತಿ ಹೊಟ್ಟೆ ನೋವಿಗೂ ಅನುಮಾನ ಪಡಬೇಕಿಲ್ಲ. ಎಷ್ಟೋ ಸಲ ಸ್ಟಡ್ಸ್ ಬಿಗಿಯಾಗಿರುತ್ತದೆ, ಇಲ್ಲಾ ಗೆಳತಿ ಜೊತೆ ಜಗಳ ಆಗಿರುತ್ತದೆ. ಕೇಳಿಸಿಕೊಳ್ಳೋಕೆ ಪುರುಸೊತ್ತು ಇರಬೇಕು, ಅಷ್ಟೇ. ಸ್ಕೂಟರ್ ಹಿಂದೆ ಕೂತ ಮಗುವಿಗೆ ಮನೆ ತಲುಪುವ ತನಕ ಮ್ಯಾಚಿನ ಪೋಸ್ಟ್‌ಮಾರ್ಟಂ ಮಾಡಿದರೆ ಅದು ಬೇರೆ ಏನನ್ನೂ ಹೇಳಲ್ಲ.

ಹೇಳಿತು ಅಂತಿಟ್ಟುಕೊಳ್ಳಿ. ಮೊದಲ ಮಾತು "ನೀನು ಹೇಳಿದ್ದು ಒಳ್ಳೇದಾಯ್ತು" ಅಂತಿರಲಿ. "ಯಾಕೆ ಮೊದಲೇ ಹೇಳಲಿಲ್ಲ?" ಅಂತ ಕೇಳಬೇಡಿ. ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಬೇಡಿ. ಅದು ಬಳಸಿದ ಮಾತುಗಳನ್ನೇ ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ಮೆಸೇಜ್ ಇದ್ದರೆ ಅಳಿಸಬೇಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳೋಕೆ ಆಗಲ್ಲ. ಸಿಟ್ಟಿನಲ್ಲಿ ನೇರ ಕೋಚ್ ಹತ್ರ ಹೋಗಿ ಜಗಳ ತೆಗೆದರೆ ಸಾಕ್ಷ್ಯ ಅಳಿಸೋಕೆ ಅವನಿಗೇ ಸಮಯ ಕೊಟ್ಟ ಹಾಗೆ. ಮಕ್ಕಳ ಸಹಾಯವಾಣಿ 1098, ತುರ್ತು ಇದ್ದರೆ 112, ಇಲ್ಲವೇ ಹತ್ತಿರದ ಪೊಲೀಸ್ ಠಾಣೆ.

ಠಾಣೆ ಅಂದ ತಕ್ಷಣ ಹೆದರುವವರೇ ಜಾಸ್ತಿ. ಪೋಕ್ಸೋದಲ್ಲಿ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದಕ್ಕೆ ಒಗ್ಗುವ ಜಾಗದಲ್ಲೋ ತೆಗೆದುಕೊಳ್ಳಬೇಕು. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಗುವಿನ ಹೆಸರು, ಮನೆ, ಶಾಲೆಯ ಗುರುತು ಸಿಗುವ ಯಾವುದನ್ನೂ ಮಾಧ್ಯಮದವರು ಹಾಕುವಂತಿಲ್ಲ. ಪ್ರತಿ ಠಾಣೆಯಲ್ಲೂ ಇದೆಲ್ಲ ಅಚ್ಚುಕಟ್ಟಾಗಿ ನಡೆಯುತ್ತದೆ ಅಂತ ಹೇಳಲಾರೆ, ಆದರೆ ಇದು ನಿಮ್ಮ ಹಕ್ಕು ಅಂತ ಗೊತ್ತಿದ್ದರೆ ಕೇಳಿ ಪಡೆಯಬಹುದು.

ಇದಾದ ಮೇಲೆ ಬಹಳಷ್ಟು ಮನೆಗಳಲ್ಲಿ ಮಾಡುವ ಮೊದಲ ಕೆಲಸ "ಇನ್ನು ಫುಟ್‌ಬಾಲೇ ಬೇಡ" ಅನ್ನೋದು. ಹುಡುಗಿಯಾದರಂತೂ ಅವತ್ತೇ ಕಿಟ್ ಅಟ್ಟಕ್ಕೆ ಹೋಗುತ್ತದೆ. ಎದೆ ಒಡೆದ ಅಪ್ಪ ಅಮ್ಮನಿಗೆ ಹಾಗನ್ನಿಸೋದು ಸಹಜ. ಆದರೆ ಮಗುವಿಗೆ ಅದು, ಹೇಳಿದ್ದಕ್ಕೆ ಸಿಕ್ಕ ಶಿಕ್ಷೆ ತರಹ ಕಾಣುತ್ತದೆ. ಆಂಡಿ ವುಡ್‌ವರ್ಡ್ ವೃತ್ತಿಪರ ಆಟಗಾರರೇನೋ ಆದರು. ಮೈದಾನದಲ್ಲೇ ಉಸಿರು ಕಟ್ಟುವಂಥ ಭಯ ಬರುತ್ತಿತ್ತು, 29ಕ್ಕೆ ಆಟ ಬಿಟ್ಟರು. ಆಡಬೇಕಾ ಬೇಡವಾ ಅಂತ ಮಗುವನ್ನೇ ಕೇಳಿ. ಆಡಬೇಕು ಅಂದರೆ ಬೇರೆ ಕ್ಲಬ್ ಹುಡುಕಿ, ಮೊದಲ ಕೆಲವು ವಾರ ಬಲೆಯ ಹೊರಗೆ ನೀವೇ ನಿಂತಿರಿ, ಬಾಯಿ ಮುಚ್ಚಿಕೊಂಡು.